ಪ್ರಳಯೋತ್ತರ ಕಥನಗಳಲ್ಲಿ ನಾಗರಿಕ–ಅನಾಗರಿಕ ವಿವೇಚನೆ: ಕಾಳಿ ಕಣಿವೆಯಿಂದ ಒಂದು ದೈವಶಾಸ್ತ್ರೀಯ ಓದು

ಜಗತ್ತು ಅಳಿದ ಮೇಲೆ ಉಳಿದವರ ಕಥೆಯನ್ನು ಹೇಳುವ ಸಾಹಿತ್ಯಪ್ರಕಾರವೊಂದು ಕಳೆದ ಎರಡು ಶತಮಾನಗಳಲ್ಲಿ ಬೆಳೆದುಬಂದಿದೆ. ಮೇರಿ ಶೆಲ್ಲಿ 1826ರಲ್ಲಿ ಪ್ರಕಟಿಸಿದ ‘ದಿ ಲಾಸ್ಟ್ ಮ್ಯಾನ್’ ಕಾದಂಬರಿಯಲ್ಲಿ ಮಹಾಮಾರಿಯು ಮನುಕುಲವನ್ನು ಅಳಿಸಿಹಾಕುತ್ತದೆ. ಅಣುಬಾಂಬಿನ ನಂತರದ ದಶಕಗಳಲ್ಲಿ ಈ ಪ್ರಕಾರ ಹುಲುಸಾಗಿ ಬೆಳೆಯಿತು. ಕಾರ್ಮ್ಯಾಕ್ ಮೆಕಾರ್ಥಿಯ ‘ದಿ ರೋಡ್’ (2006) ಅದರ ಇತ್ತೀಚಿನ ಪ್ರಬಲ ಉದಾಹರಣೆ. ನಮ್ಮ ಗುರುವಿದ್ಯಾರ್ಥಿಗಳಲ್ಲಿ ಅನೇಕರು ಇಂತಹ ಕಥೆಗಳನ್ನು ಚಲನಚಿತ್ರಗಳ ಮೂಲಕ ಬಲ್ಲರು. ಇವನ್ನು ಬರಿಯ ಮನರಂಜನೆಯೆಂದು ಬದಿಗಿಡುವುದು ಸರಿಯಲ್ಲ. ಕಾನೂನು, ವಿದ್ಯುತ್ತು, ಗ್ರಂಥ, ಮಾರುಕಟ್ಟೆಗಳೆಲ್ಲ ಇಲ್ಲವಾದ ದಿನ ಮನುಷ್ಯನಲ್ಲಿ ಉಳಿಯುವುದೇನು ಎಂಬುದು ಈ ಕಥೆಗಳ ಪ್ರಶ್ನೆ. ಅದು ಸೃಷ್ಟಿ, ಪಾಪ, ಕೃಪೆಗಳ ಕುರಿತ ಪ್ರಶ್ನೆಯೂ ಹೌದು.

ಇಂತಹ ಕಥೆಗಳಿಗೆ ಸಾಮಾನ್ಯವಾಗಿ ಒಂದು ಸಿದ್ಧ ಭೂಪಟವಿರುತ್ತದೆ. ಒಂದು ಕಡೆ ದೀಪ ಉರಿಯುವ ನಗರ, ಮತ್ತೊಂದು ಕಡೆ ಕತ್ತಲೆಯ ಕಾಡು. ನಗರ ಕುಸಿದಾಗ ಕಾಡು ಒಳನುಗ್ಗುತ್ತದೆ, ಮನುಷ್ಯ ಮೃಗವಾಗುತ್ತಾನೆ. ಈ ಭೂಪಟವನ್ನು ಉತ್ತರ ಕನ್ನಡದ ನೆಲದ ಮೇಲೆ ಹಾಸಿ ನೋಡಿದರೆ ಅದು ಎಷ್ಟು ದೂರ ನಿಲ್ಲುತ್ತದೆ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ. ದಾಂಡೇಲಿಯಿಂದ ಅಂಬಿಕಾನಗರಕ್ಕೆ ಹೋಗುವ ರಸ್ತೆಯಲ್ಲಿ, ಅಭಯಾರಣ್ಯದ ನಡುವೆ, ಕುಳಗಿ ಎಂಬ ಪುಟ್ಟ ಊರಿದೆ. ರಸ್ತೆಯ ಒಂದು ತುದಿಯಲ್ಲಿ 1955ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ. ಮತ್ತೊಂದು ತುದಿಯಲ್ಲಿ ಕಾಳಿ ನದಿಯ ನೀರಿನಿಂದ ವಿದ್ಯುತ್ತು ತೆಗೆಯುವವರ ವಸತಿ. ಪ್ರಳಯೋತ್ತರ ಕಾದಂಬರಿಗಳ ಪಾತ್ರಗಳು ಕಳೆದುಕೊಂಡು ಹಂಬಲಿಸುವ ವಸ್ತುಗಳಲ್ಲಿ ಗ್ರಂಥ ಮತ್ತು ದೀಪ ಮುಖ್ಯವಾದವು. ಇಲ್ಲಿ ಅವೆರಡರ ನಡುವೆ ಕಾಡಿದೆ. ಅವೆರಡೂ ಆ ಕಾಡಿನ ಬಿದಿರಿನಿಂದಲೂ ನದಿಯಿಂದಲೂ ಹುಟ್ಟಿಬಂದವು. ಈ ಸೀಮೆಯ ಸುತ್ತಲೇ ತಮ್ಮ ಜಗತ್ತಿನ ಅಂತ್ಯವನ್ನು ಕಂಡು ಬದುಕಿ ಉಳಿದ ಮೂರು ಸಮುದಾಯಗಳೂ ಇವೆ: ಮುಂಡಗೋಡಿನ ಟಿಬೆಟನ್ನರು, ಸೂಪಾದ ಮುಳುಗಡೆಯವರು, ಸಿದ್ದಿಗಳು. ಕಾದಂಬರಿಕಾರರ ಕಲ್ಪನೆಯನ್ನು ಈ ಮೂವರ ಅನುಭವದ ಪಕ್ಕದಲ್ಲಿಟ್ಟು ಓದೋಣ.

1. ಪದಗಳ ಅರ್ಥ

‘ನಾಗರಿಕ’ ಎಂಬ ಪದ ‘ನಗರ’ದಿಂದ ಬಂದಿದೆ. ಆದ್ದರಿಂದ ನಗರದ ಹೊರಗಿನವನು ‘ಅನಾಗರಿಕ’ನಾಗುವುದು ಭಾಷೆಯೇ ನಮಗೆ ಕಲಿಸಿಕೊಡುವ ತೀರ್ಪು. ಗ್ರೀಕರ ‘ಬಾರ್ಬರೋಸ್’ ಎಂಬ ಮಾತೂ ಇಂತಹುದೇ: ಯಾರ ನುಡಿ ನಮಗೆ ಬರಿಯ ಬಡಬಡಿಕೆಯಾಗಿ ಕೇಳಿಸುತ್ತದೆಯೋ ಅವನು ಬಾರ್ಬರೋಸ್. ಎರಡು ಪದಗಳೂ ಹೇಳುವವನು ಎಲ್ಲಿ ನಿಂತಿದ್ದಾನೆ ಎಂಬುದನ್ನು ತಿಳಿಸುತ್ತವೆಯೇ ಹೊರತು, ಹೇಳಿಸಿಕೊಂಡವನ ಗುಣವನ್ನು ತಿಳಿಸುವುದಿಲ್ಲ.

‘ಪ್ರಳಯ’ ಎಂಬ ಪದದ ವಿಷಯದಲ್ಲೂ ಎಚ್ಚರ ಬೇಕು. ನಮ್ಮ ಭಾಷೆಯಲ್ಲಿ ಪ್ರಳಯವೆಂದರೆ ಲಯವಾಗುವುದು, ಕರಗಿಹೋಗುವುದು. ಪವಿತ್ರ ಬೈಬಲ್ಲಿನ ಕೊನೆಯ ಗ್ರಂಥದ ಮೊದಲ ಪದವಾದ ‘ಅಪೋಕಲುಪ್ಸಿಸ್’ಗೆ ಮುಸುಕು ತೆಗೆಯುವುದು ಎಂದರ್ಥ; ಆದ್ದರಿಂದಲೇ ನಾವು ಅದನ್ನು ‘ಪ್ರಕಟನಾ ಗ್ರಂಥ’ ಎನ್ನುತ್ತೇವೆ. ಈ ಅರ್ಥವನ್ನು ಹಿಡಿದು ಓದಿದರೆ ಪ್ರಳಯೋತ್ತರ ಕಥೆಯ ಸ್ವರೂಪವೇ ಬದಲಾಗುತ್ತದೆ. ನಗರ ಕುಸಿದ ಮೇಲೆ ಕಾಣಿಸಿಕೊಳ್ಳುವ ಕ್ರೌರ್ಯ ಆ ದಿನ ಹೊಸದಾಗಿ ಹುಟ್ಟಿದ್ದೋ, ಅಥವಾ ನಗರದೊಳಗೇ ಇದ್ದು ಈಗ ಮುಸುಕು ಸರಿದು ಕಾಣಿಸುತ್ತಿರುವುದೋ ಎಂದು ಕೇಳಬೇಕಾಗುತ್ತದೆ.

2. ಕಾಯಿನನ ಊರು

ಈ ಪ್ರಶ್ನೆಗೆ ಆದಿಕಾಂಡದ ನಾಲ್ಕನೆಯ ಅಧ್ಯಾಯದ ಉತ್ತರ ಸ್ಪಷ್ಟವಾಗಿದೆ. ಬೈಬಲ್ಲಿನಲ್ಲಿ ಮೊದಲ ಊರನ್ನು ಕಟ್ಟಿದವನು ತಮ್ಮನನ್ನು ಕೊಂದ ಕಾಯಿನ (4:17). ಅವನ ವಂಶದಲ್ಲೇ ಪಶುಪಾಲನೆಯ ಮೂಲಪುರುಷನಾದ ಯಾಬಾಲ, ಕಿನ್ನರಿ ಕೊಳಲುಗಳ ಮೂಲಪುರುಷನಾದ ಯೂಬಾಲ, ಕಂಚು ಕಬ್ಬಿಣಗಳ ಕುಲುಮೆ ಹೂಡಿದ ತೂಬಲ್ಕಾಯಿನ ಹುಟ್ಟುತ್ತಾರೆ. ಇವರ ತಂದೆ ಲಾಮೆಕನೇ ಎಪ್ಪತ್ತೇಳು ಪಟ್ಟು ಸೇಡಿನ ಹಾಡು ಹಾಡಿದವನು. ಸಂಗೀತ, ಲೋಹವಿದ್ಯೆ, ಮಿತಿಯಿಲ್ಲದ ಹಿಂಸೆ ಮೂರೂ ಒಂದೇ ಮನೆಯಲ್ಲಿ ಬೆಳೆಯುತ್ತವೆ. ಪವಿತ್ರ ಗ್ರಂಥದ ಕರ್ತೃ ಕಲೆಯನ್ನಾಗಲಿ ಕುಲುಮೆಯನ್ನಾಗಲಿ ಖಂಡಿಸುವುದಿಲ್ಲ. ಅವು ಹಿಂಸೆಗೆ ಮದ್ದಾಗಲಾರವು ಎಂದು ಮಾತ್ರ ತೋರಿಸುತ್ತಾನೆ. ಆ ಹಾಡಿಗೆ ಉತ್ತರ ಬರುವುದು ಪ್ರಭು ಯೇಸು ಪೇತ್ರನಿಗೆ ಕ್ಷಮೆಯ ಲೆಕ್ಕವನ್ನು ಹೇಳಿದಾಗ (ಮತ್ತಾಯ 18:22).

ವಿಲಿಯಂ ಗೋಲ್ಡಿಂಗ್‌ನ ‘ಲಾರ್ಡ್ ಆಫ್ ದಿ ಫ್ಲೈಸ್’ (1954) ಕಾದಂಬರಿಯನ್ನು ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾದ ಸಾಕ್ಷಿಯೆಂದು ಉದಾಹರಿಸುತ್ತಾರೆ. ಯುದ್ಧಕಾಲದಲ್ಲಿ ನಿರ್ಜನ ದ್ವೀಪಕ್ಕೆ ಬಿದ್ದ ಶಾಲಾ ಬಾಲಕರು ಹಿರಿಯರ ಅಂಕೆಯಿಲ್ಲದೆ ಕೊಲೆಗಡುಕರಾಗುತ್ತಾರೆ. ನಾಗರಿಕತೆಯ ಹೊದಿಕೆ ತೆಳುವಾದದ್ದು, ಅದು ಹರಿದರೆ ಕಾಡುಮನುಷ್ಯ ಹೊರಬರುತ್ತಾನೆ ಎಂಬುದು ಪ್ರಚಲಿತ ವ್ಯಾಖ್ಯಾನ. ಕಾದಂಬರಿ ಅಷ್ಟು ಸರಳವಲ್ಲ. ಬೇಟೆಗಾರರ ಗುಂಪು ಮೊದಲು ನಮ್ಮ ಕಣ್ಣಿಗೆ ಬೀಳುವುದು ಗಾಯನವೃಂದದ ಉಡುಪಿನಲ್ಲಿ. ಅವರ ನಾಯಕ ಜ್ಯಾಕ್ ಆ ವೃಂದದ ಮುಖಂಡ. ಕೊನೆಯಲ್ಲಿ ಅವರನ್ನು ಪಾರುಮಾಡಲು ಬರುವ ನೌಕಾಧಿಕಾರಿ ಸ್ವತಃ ಯುದ್ಧನೌಕೆಯಿಂದ ಇಳಿದು ಬಂದವನು. ಮಕ್ಕಳು ಕೋಲುಗಳಿಂದ ಮಾಡಿದ್ದನ್ನು ಹಿರಿಯರು ಫಿರಂಗಿಗಳಿಂದ ಮಾಡುತ್ತಿದ್ದಾರೆ. ಜನ್ಮಪಾಪದ ಕುರಿತ ಶ್ರೀಸಭೆಯ ಬೋಧನೆಗೆ ಈ ಓದು ಹತ್ತಿರವಾಗಿದೆ. ಜನ್ಮಪಾಪಕ್ಕೆ ವಾಸಸ್ಥಳವಿಲ್ಲ. ಅದು ಕಾಡಿನಲ್ಲಿ ಕಾದು ಕುಳಿತಿದ್ದು ನಗರದ ಗೋಡೆ ಬಿದ್ದಾಗ ಒಳಬರುವ ಮೃಗವೇನೂ ಅಲ್ಲ.

3. ಮಠ ಮತ್ತು ಗ್ರಂಥ: ಮುಂಡಗೋಡು

ಪ್ರಳಯೋತ್ತರ ಕಾದಂಬರಿಗಳಲ್ಲಿ ಗುರುವಿದ್ಯಾರ್ಥಿಗಳು ಅವಶ್ಯವಾಗಿ ಓದಬೇಕಾದದ್ದು ವಾಲ್ಟರ್ ಮಿಲ್ಲರ್ 1959ರಲ್ಲಿ ಪ್ರಕಟಿಸಿದ ‘ಎ ಕ್ಯಾಂಟಿಕಲ್ ಫಾರ್ ಲೈಬೋವಿಟ್ಸ್’. ಸಂತ ಬೆನೆಡಿಕ್ಟರು ಸ್ಥಾಪಿಸಿದ ಮಾಂಟೆ ಕಸೀನೊ ಮಠವನ್ನು 1944ರ ಫೆಬ್ರವರಿಯಲ್ಲಿ ನಾಶಗೊಳಿಸಿದ ವಾಯುದಾಳಿಯಲ್ಲಿ ಮಿಲ್ಲರ್ ಭಾಗಿಯಾಗಿದ್ದನು. ಯುದ್ಧಾನಂತರ 1947ರಲ್ಲಿ ಕಥೋಲಿಕನಾದನು. ಅವನ ಕಾದಂಬರಿಯಲ್ಲಿ ಅಣುಯುದ್ಧದ ನಂತರ ರೊಚ್ಚಿಗೆದ್ದ ಜನರು ವಿದ್ವಾಂಸರನ್ನು ಕೊಂದು ಪುಸ್ತಕಗಳನ್ನು ಸುಡುತ್ತಾರೆ. ಮರುಭೂಮಿಯ ಒಂದು ಮಠ ಮಾತ್ರ ಅಳಿದುಳಿದ ಹಾಳೆಗಳನ್ನು, ಅವುಗಳ ಅರ್ಥ ತಿಳಿಯದೆಯೇ, ಶತಮಾನಗಳವರೆಗೆ ನಕಲು ಮಾಡಿ ಕಾಯುತ್ತದೆ. ಎರಡನೆಯ ಭಾಗದಲ್ಲಿ ಒಬ್ಬ ಸನ್ಯಾಸಿ ವಿದ್ಯುದ್ದೀಪವನ್ನು ಮತ್ತೆ ಬೆಳಗಿಸುತ್ತಾನೆ. ಆ ದೀಪಕ್ಕೆ ಜಾಗ ಮಾಡಲು ಗೋಡೆಯ ಶಿಲುಬೆಯನ್ನು ಇಳಿಸಲಾಗುತ್ತದೆ. ಮೂರನೆಯ ಭಾಗದಲ್ಲಿ, ಜ್ಞಾನ ಮರಳಿದ ಜಗತ್ತಿನಲ್ಲಿ, ಬಾಂಬೂ ಮರಳಿ ಬರುತ್ತದೆ.

ಈ ಕಥೆಗೆ ನಿಜಜೀವನದ ಒಂದು ಪ್ರತಿರೂಪ ನಮ್ಮ ಮಗ್ಗುಲಲ್ಲೇ ಇದೆ. 1959ರಲ್ಲಿ ಟಿಬೆಟನ್ನು ತೊರೆದುಬಂದ ಭಿಕ್ಷುಗಳಲ್ಲಿ ಅನೇಕರನ್ನು ಮೊದಲು ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರ ಕಾಲದ ಬಂದೀಖಾನೆಯ ಕಟ್ಟಡಗಳಲ್ಲಿ, ಇರಿಸಲಾಗಿತ್ತು. ಅಲ್ಲಿ ಕ್ಷಯರೋಗ ಹಲವರನ್ನು ಬಲಿ ತೆಗೆದುಕೊಂಡರೂ ಅಧ್ಯಯನ ನಿಲ್ಲಲಿಲ್ಲ. ಮುಂಡಗೋಡಿನಲ್ಲಿ ಟಿಬೆಟನ್ ವಸತಿ 1966ರಲ್ಲಿ ಆರಂಭವಾಯಿತು. ಗಾದೆನ್ ಮತ್ತು ದ್ರೆಪುಂಗ್ ಮಹಾಮಠಗಳು ಮುಂದೆ ಇಲ್ಲಿ ಮರುಸ್ಥಾಪನೆಗೊಂಡವು. ಭಿಕ್ಷುಗಳು ಹಗಲು ಹೊಲದಲ್ಲಿ ದುಡಿದರು. ಉಳಿದ ಹೊತ್ತಿನಲ್ಲಿ ಶಾಸ್ತ್ರವಾದವನ್ನು ಮುಂದುವರಿಸಿದರು.

ಕಾದಂಬರಿಗೂ ಮುಂಡಗೋಡಿಗೂ ಒಂದು ವ್ಯತ್ಯಾಸವಿದೆ. ಮಿಲ್ಲರ್‌ನ ಸನ್ಯಾಸಿಗಳು ಕಾಯ್ದದ್ದು ಅರ್ಥ ಕಳೆದುಕೊಂಡ ಹಾಳೆಗಳನ್ನು. ಮುಂಡಗೋಡಿನ ಭಿಕ್ಷುಗಳು ಹಾಳೆಯ ಜೊತೆಗೆ ಅದನ್ನು ಓದುವ ರೀತಿಯನ್ನೂ ಕಾಯ್ದರು: ಗುರುವಿನ ಎದುರು ಶಿಷ್ಯ ಕುಳಿತು ವಾದಿಸುವುದು, ದೀರ್ಘಕಾಲದ ಶಿಸ್ತು, ಕರುಣೆಯ ಸಾಧನೆ. ಪರಂಪರೆಯೆಂದರೆ ಕೈಯಿಂದ ಕೈಗೆ ದಾಟುವ ಜೀವಂತ ಬದುಕು ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ದೈವಪ್ರಕಟನೆಯ ಕುರಿತ ಸಂವಿಧಾನದಲ್ಲಿ ಬೋಧಿಸಿದೆ. ಮಾಹಿತಿ ಉಳಿದರೆ ನಾಗರಿಕತೆ ಉಳಿಯಿತು ಎಂದು ನಂಬುವವರಿಗೆ ಮಿಲ್ಲರ್ ನೀಡುವ ಎಚ್ಚರಿಕೆಯೂ ಇಲ್ಲಿಗೇ ಬಂದು ನಿಲ್ಲುತ್ತದೆ.

4. ಬೆಳಕಿಗಾಗಿ ಮುಳುಗಿದ ಊರು: ಸೂಪಾ

ಪಾಶ್ಚಾತ್ಯ ಕಥೆಗಳಲ್ಲಿ ವಿದ್ಯುತ್ತು ನಿಂತುಹೋಗುವುದು ಜಗದಂತ್ಯದ ಮೊದಲ ಗುರುತು. ಕಾಳಿ ಕಣಿವೆಯಲ್ಲಿ ಕ್ರಮ ತಿರುವುಮುರುವಾಗಿದೆ. ಇಲ್ಲಿ ವಿದ್ಯುತ್ತು ಬರಲೆಂದೇ ಒಂದು ಜಗತ್ತು ಕೊನೆಗೊಂಡಿತು. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಸೂಪಾ ಪೇಟೆಯೂ ಸುತ್ತಲಿನ ಹಳ್ಳಿಗಳೂ ಮುಳುಗಿದವು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ನಿರ್ವಸಿತರಲ್ಲಿ ಅನೇಕರಿಗೆ ರಾಮನಗರದಲ್ಲಿ ನೆಲೆ ದೊರೆಯಿತು. ಆ ನೀರಿನಿಂದ ಹುಟ್ಟಿದ ಬೆಳಕು ದೂರದ ನಗರಗಳನ್ನು ತಲುಪಿತು. ಜೋಯಿಡಾದ ಕಾಡಿನೊಳಗಿನ ಅನೇಕ ಹಳ್ಳಿಗಳಿಗೆ ಮಾತ್ರ ಅದು ಬಹುಕಾಲ ಬರಲಿಲ್ಲ.

ಕನ್ನಡದಲ್ಲಿ ಪ್ರಳಯೋತ್ತರ ಕಥನಕ್ಕೆ ಅತಿ ಸಮೀಪದ ಬರವಣಿಗೆ ಇಂತಹ ಮುಳುಗಡೆಯ ಸಾಹಿತ್ಯವೆಂಬುದು ನನ್ನ ಅಭಿಪ್ರಾಯ. ಸಾಗರದ ಕಥೋಲಿಕ ಲೇಖಕರಾದ ನಾ. ಡಿಸೋಜ ಅವರು ಶರಾವತಿ ಯೋಜನೆಯ ಮುಳುಗಡೆಯನ್ನು ಸರ್ಕಾರಿ ನೌಕರರಾಗಿ ಹತ್ತಿರದಿಂದ ಕಂಡು ‘ಮುಳುಗಡೆ’, ‘ದ್ವೀಪ’ಗಳಂತಹ ಕಾದಂಬರಿಗಳನ್ನು ಬರೆದರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಚಲನಚಿತ್ರವಾಗಿಸಿದರು. ಊರವರು ಬಿಟ್ಟುಹೋದ ಮೇಲೆ ಏರುವ ನೀರಿನ ನಡುವೆ ಉಳಿದ ಒಂದು ಕುಟುಂಬದ ಕಥೆ ಅದು. ಅಲ್ಲಿ ಶತ್ರುಸೈನ್ಯವಿಲ್ಲ, ಕಾಡುಜನರ ದಾಳಿಯಿಲ್ಲ. ಪ್ರಳಯ ಬರುವುದು ಕಚೇರಿಯ ಕಡತ, ನೋಟೀಸು, ಪರಿಹಾರದ ಲೆಕ್ಕಗಳ ರೂಪದಲ್ಲಿ.

ಇದರಿಂದ ವಿದ್ಯುತ್ತೇ ಪಾಪವೆಂದು ತೀರ್ಮಾನಿಸಬೇಕಿಲ್ಲ. ನಮ್ಮ ಆಸ್ಪತ್ರೆಗಳೂ ಶಾಲೆಗಳೂ ದೇವಾಲಯಗಳೂ ಅದೇ ಬೆಳಕನ್ನು ಬಳಸುತ್ತವೆ. ಯಾರ ಅಂತ್ಯದಿಂದ ಯಾರ ಆರಂಭವಾಯಿತು ಎಂಬ ಲೆಕ್ಕವನ್ನು ನಾಗರಿಕತೆ ಮರೆಯುವಂತಿಲ್ಲ ಎಂಬುದಷ್ಟೇ ಇಲ್ಲಿನ ಮಾತು. ನ್ಯಾಯವಿಲ್ಲದ ರಾಜ್ಯಕ್ಕೂ ದರೋಡೆಕೋರರ ದೊಡ್ಡ ಗುಂಪಿಗೂ ಭೇದವೇನೆಂದು ಸಂತ ಅಗಸ್ಟೀನರು ‘ದೇವನಗರ’ದ ನಾಲ್ಕನೆಯ ಪುಸ್ತಕದಲ್ಲಿ ಕೇಳಿದ್ದು ಇದೇ ಲೆಕ್ಕವನ್ನು.

5. ಕಾಡಿಗೆ ಓಡಿಬಂದವರು: ಸಿದ್ದಿಗಳು

ಹಳಿಯಾಳ, ಮುಂಡಗೋಡ, ಯಲ್ಲಾಪುರ, ಜೋಯಿಡಾ ಸೀಮೆಗಳ ಸಿದ್ದಿಗಳ ಪೂರ್ವಜರು ಆಫ್ರಿಕಾದವರು. ಅವರಲ್ಲಿ ಹಲವರು ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದವರು. ಇಂದು ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು.

ಕಾದಂಬರಿಗಳ ಭೂಪಟ ಇಲ್ಲಿ ಸಂಪೂರ್ಣ ತಲೆಕೆಳಗಾಗುತ್ತದೆ. ಅವರ ಪಾಲಿಗೆ ಕೋಟೆ, ಬಂದರು, ಬೀದಿ, ದೇವಾಲಯಗಳಿದ್ದ ನಗರವೇ ಭಯದ ಸ್ಥಳ. ಕಾಡು ಆಶ್ರಯದ ಸ್ಥಳ. ಆ ನಗರದ ಒಡೆಯರು ದೀಕ್ಷಾಸ್ನಾನ ಪಡೆದ ಕ್ರೈಸ್ತರಾಗಿದ್ದರು ಎಂಬುದನ್ನು ದೈವಶಾಸ್ತ್ರದ ವಿದ್ಯಾರ್ಥಿ ಬದಿಗೊತ್ತುವಂತಿಲ್ಲ. ಪೋಪ್ ಐದನೆಯ ನಿಕೋಲಸ್ 1455ರಲ್ಲಿ ಹೊರಡಿಸಿದ ‘ರೊಮಾನುಸ್ ಪೊಂತಿಫೆಕ್ಸ್’ ಶಾಸನ, ಅಕ್ರೈಸ್ತರನ್ನು ವಶಪಡಿಸಿಕೊಂಡು ಶಾಶ್ವತ ದಾಸ್ಯಕ್ಕೆ ತಳ್ಳಲು ಪೋರ್ಚುಗಲ್ಲಿನ ಅರಸನಿಗೆ ಅವಕಾಶ ಕೊಟ್ಟಿತ್ತು. ಪೋಪ್ ಮೂರನೆಯ ಪೌಲ್ 1537ರ ‘ಸುಬ್ಲಿಮಿಸ್ ದೇವುಸ್’ನಲ್ಲಿ ಅಮೆರಿಕದ ಮೂಲನಿವಾಸಿಗಳು ನಿಜವಾದ ಮಾನವರೆಂದೂ ಅವರ ಸ್ವಾತಂತ್ರ್ಯವನ್ನು ಕಸಿಯಲಾಗದೆಂದೂ ಸಾರಿದರು. ಇಂತಹ ಹಳೆಯ ಶಾಸನಗಳ ಆಧಾರದಲ್ಲಿ ಬೆಳೆದ ‘ಅನ್ವೇಷಣೆಯ ಸಿದ್ಧಾಂತ’ವನ್ನು ವ್ಯಾಟಿಕನ್ನಿನ ಎರಡು ಇಲಾಖೆಗಳು 2023ರ ಮಾರ್ಚ್ 30ರಂದು ಸ್ಪಷ್ಟವಾಗಿ ನಿರಾಕರಿಸಿದವು.

‘ಅನಾಗರಿಕ’ ಎಂಬ ಪದವನ್ನು ಶ್ರೀಸಭೆಯೊಳಗೆ ಅತ್ಯಂತ ಸೂಕ್ಷ್ಮವಾಗಿ ಪರೀಕ್ಷಿಸಿದವರಲ್ಲಿ ಡೊಮಿನಿಕನ್ ಬಿಷಪ್ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಪ್ರಮುಖರು. ಅಮೆರಿಕದ ಮೂಲನಿವಾಸಿಗಳು ಹುಟ್ಟಿನಿಂದಲೇ ದಾಸರಾಗತಕ್ಕವರು ಎಂದು ವಾದಿಸಿದ ಸೆಪುಲ್ವೆದನನ್ನು 1550–51ರಲ್ಲಿ ವಯ್ಯಾದೊಲಿದ್ ನಗರದ ವಾದದಲ್ಲಿ ಎದುರಿಸುತ್ತ, ಅವರು ಆ ಪದದಲ್ಲಿ ಬೆರೆತುಹೋಗಿರುವ ನಾಲ್ಕು ಅರ್ಥಗಳನ್ನು ಬಿಡಿಸಿ ತೋರಿಸಿದರು. ಕ್ರೂರವಾಗಿ, ವಿವೇಕಹೀನವಾಗಿ ನಡೆಯುವವರು ಒಂದು ವರ್ಗ. ಲಿಪಿಯಿಲ್ಲದವರು, ಪರಭಾಷೆಯವರು ಎರಡನೆಯದು. ಯಾವ ಸಮಾಜನಿಯಮವೂ ಇಲ್ಲದೆ ಬಾಳುವ ವಿರಳರು ಮೂರನೆಯದು. ಕ್ರಿಸ್ತವಿಶ್ವಾಸವನ್ನು ಅರಿಯದವರು ನಾಲ್ಕನೆಯದು. ಎರಡನೆಯ, ನಾಲ್ಕನೆಯ ಅರ್ಥಗಳಲ್ಲಿ ‘ಅನಾಗರಿಕ’ರೆನ್ನಿಸಿಕೊಂಡವರನ್ನು ಮೂರನೆಯ ವರ್ಗಕ್ಕೆ ತಳ್ಳಿ ದಾಸರನ್ನಾಗಿ ಮಾಡುವುದು ತರ್ಕದ ವಂಚನೆ, ಮೊದಲ ಅರ್ಥದ ಅನಾಗರಿಕತೆಯಾದರೋ ದಾಳಿ ಮಾಡಿದ ಸ್ಪೇನಿನವರಲ್ಲೇ ಇದೆ ಎಂಬುದು ಅವರ ವಾದದ ತಿರುಳು.

ಇದೇ ಲಾಸ್ ಕಾಸಾಸರು ಮೊದಲಿಗೆ, ಮೂಲನಿವಾಸಿಗಳ ಹೊರೆ ಇಳಿಸಲೆಂದು, ಆಫ್ರಿಕಾದ ಗುಲಾಮರನ್ನು ತರಿಸಬಹುದೆಂದು ಸಲಹೆ ಕೊಟ್ಟಿದ್ದರು. ಮುಂದೆ ಅದಕ್ಕಾಗಿ ಪಶ್ಚಾತ್ತಾಪಪಟ್ಟು ಬರೆದರು. ಒಬ್ಬರ ಮಾನವತ್ವಕ್ಕಾಗಿ ಹೋರಾಡುವ ಕಣ್ಣು ಇನ್ನೊಬ್ಬರ ಮಾನವತ್ವವನ್ನು ಕಾಣದೆ ಹೋಗಬಹುದು. ಆ ಕಣ್ಣಿಗೆ ಬೀಳದವರ ವಂಶದವರೇ ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಬಲಿಪೂಜೆಗೆ ಬರುತ್ತಾರೆ. ಹಳೆಯ ಬಟ್ಟೆಯ ತುಂಡುಗಳಿಂದ ಸಿದ್ದಿ ಮಹಿಳೆಯರು ಹೊಲಿಯುವ ಕವದಿಗಳು ಹೆಸರಾಗಿವೆ. ಕ್ರೈಸ್ತ ಸಿದ್ದಿಗಳ ಕವದಿಗಳಲ್ಲಿ ಶಿಲುಬೆಯ ಆಕಾರವೂ ಕಾಣುತ್ತದೆ. ಒಡೆಯರ ಶಿಲುಬೆಯಿಂದ ಓಡಿಬಂದವರ ಮನೆಯಲ್ಲಿ ಪ್ರಭುವಿನ ಶಿಲುಬೆ ಉಳಿದುಕೊಂಡಿರುವುದು ಕೃಪೆಯ ರಹಸ್ಯ. ಅದನ್ನು ನಮ್ಮ ಸಾಧನೆಯೆಂದು ಎಣಿಸಿಕೊಳ್ಳಬಾರದು.

6. ಮಾಲ್ಟಾದ ಬೆಂಕಿ

ಹಾಗಾದರೆ ನಾಗರಿಕತೆಯ ಅಳತೆಗೋಲು ಯಾವುದು? ಪ್ರೇಷಿತರ ಕಾರ್ಯಕಲಾಪಗಳ 27 ಮತ್ತು 28ನೆಯ ಅಧ್ಯಾಯಗಳು ಇದಕ್ಕೆ ಉತ್ತರ ಕೊಡುತ್ತವೆ. ಆ ಹಡಗಿನಲ್ಲಿ 276 ಜನರಿದ್ದರು. ಅದು ರೋಮ್ ಸಾಮ್ರಾಜ್ಯದ ಒಂದು ಕಿರುರೂಪ: ಸೈನಿಕರು, ನಾವಿಕರು, ಕೈದಿಗಳು, ಸರಕು. ಬಿರುಗಾಳಿಯಲ್ಲಿ ಅದು ಒಡೆಯುವಾಗ ನಾವಿಕರು ದೋಣಿ ಇಳಿಸಿ ತಾವಷ್ಟೇ ಪಾರಾಗಲು ಯತ್ನಿಸುತ್ತಾರೆ. ಸೈನಿಕರು ಕೈದಿಗಳನ್ನೆಲ್ಲ ಕೊಲ್ಲಲು ಮುಂದಾಗುತ್ತಾರೆ. ಇದು ಪ್ರಳಯೋತ್ತರ ಕಾದಂಬರಿಗಳ ಚಿರಪರಿಚಿತ ದೃಶ್ಯ. ದಡ ಸೇರಿದವರನ್ನು ಬರಮಾಡಿಕೊಳ್ಳುವವರನ್ನು ಸಂತ ಲೂಕರು ಕರೆಯುವುದು ‘ಬಾರ್ಬರೋಯಿ’ ಎಂದು. ಮಳೆ, ಚಳಿಗಳಲ್ಲಿ ನಡುಗುತ್ತಿದ್ದವರಿಗೆ ಅವರು ಬೆಂಕಿ ಹೊತ್ತಿಸಿ, ಅಸಾಮಾನ್ಯವಾದ ‘ಫಿಲಾಂತ್ರೋಪಿಯಾ’ ಅಂದರೆ ಮಾನವಪ್ರೀತಿಯನ್ನು ತೋರಿದರು (28:2). ಈ ನಾಮಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಬಾರಿ. ಮತ್ತೊಂದು ಕಡೆ ಅದು ನಮ್ಮ ಉದ್ಧಾರಕ ದೇವರ ಮಾನವಪ್ರೀತಿಯನ್ನು ಸೂಚಿಸುತ್ತದೆ (ತೀತನಿಗೆ 3:4). ದೇವರಿಗೆ ಸಲ್ಲುವ ಪದವನ್ನೇ ಲೂಕರು ಮಾಲ್ಟಾದ ಅನಾಗರಿಕರಿಗೆ ಕೊಟ್ಟಿದ್ದಾರೆ.

ಹಾಗೆಂದು ಲೂಕರು ದ್ವೀಪವಾಸಿಗಳನ್ನು ಆದರ್ಶೀಕರಿಸುವುದಿಲ್ಲ. ಹಾವು ಪೌಲನ ಕೈಗೆ ಸುತ್ತಿಕೊಂಡಾಗ ಅವರು ಅವನನ್ನು ಕೊಲೆಗಾರನೆನ್ನುತ್ತಾರೆ, ಮರುಗಳಿಗೆ ದೇವರೆನ್ನುತ್ತಾರೆ. ರೋಮನ್ನರೆಲ್ಲ ಕ್ರೂರಿಗಳೆಂದೂ ಲೂಕರು ಹೇಳುವುದಿಲ್ಲ. ಕೈದಿಗಳ ಕೊಲೆಯನ್ನು ತಡೆದವನು ಶತಾಧಿಪತಿ ಯೂಲಿಯ. ಅದೇ ಪದದ ಕ್ರಿಯಾವಿಶೇಷಣ ರೂಪವನ್ನು ಲೂಕರು ಅವನ ನಡತೆಗೂ ಬಳಸಿದ್ದಾರೆ (27:3). ಆದ್ದರಿಂದ ‘ಕಾಡಿನವರು ಮುಗ್ಧರು, ನಗರದವರು ದುಷ್ಟರು’ ಎಂಬ ಸುಲಭದ ಭಾವುಕತೆಗೂ ಇಲ್ಲಿ ಎಡೆಯಿಲ್ಲ. ಗೆರೆ ಹಾದುಹೋಗುವುದು ಎರಡು ಜನಾಂಗಗಳ ನಡುವೆಯಲ್ಲ. ಒದ್ದೆಯಾಗಿ ಬಂದ ಅಪರಿಚಿತನನ್ನು ಬೆಂಕಿಯ ಬಳಿಗೆ ಕರೆಯುವ, ಕರೆಯದಿರುವ ತೀರ್ಮಾನಗಳ ನಡುವೆ. ಮೆಕಾರ್ಥಿಯ ‘ದಿ ರೋಡ್’ನಲ್ಲಿಯೂ ತಂದೆಮಗ ತಮ್ಮನ್ನು ಬೆಂಕಿ ಹೊತ್ತವರೆಂದು ತಿಳಿಯುತ್ತಾರೆ, ದಾರಿಯಲ್ಲಿ ಸಿಕ್ಕ ಮುದುಕನಿಗೆ ಅನ್ನ ಕೊಡಬೇಕೆಂದು ಹಟ ಹಿಡಿಯುವವನು ಮಾತ್ರ ನಾಶಕ್ಕೆ ಮುಂಚಿನ ಜಗತ್ತನ್ನು ಕಾಣದೆ ಬೆಳೆದ ಮಗ.

7. ಪಾಲನಾಸೇವೆಗೆ ಕೆಲವು ಸೂಚನೆಗಳು

ನಾಗರಿಕತೆಗೆ ಬೆಲೆಯೇ ಇಲ್ಲವೇ ಎಂಬ ಆಕ್ಷೇಪ ಇಲ್ಲಿ ಏಳಬಹುದು. ಮನುಷ್ಯನು ಸಂಸ್ಕೃತಿಯ ಮೂಲಕವೇ ಪೂರ್ಣ ಮಾನವನಾಗುತ್ತಾನೆ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ‘ಗೌದಿಯುಂ ಎತ್ ಸ್ಪೆಸ್’ (1965) ದಾಖಲೆಯ 53ನೆಯ ಪರಿಚ್ಛೇದದಲ್ಲಿ ಹೇಳಿದೆ. ಅಲ್ಲಿಯೇ ಸಂಸ್ಕೃತಿಗಳನ್ನು ಬಹುವಚನದಲ್ಲಿ ಪರಿಗಣಿಸಿದೆ. ಗ್ರಂಥ, ಕಾನೂನು, ಔಷಧ, ದೀಪ ಎಲ್ಲವೂ ಒಳ್ಳೆಯವು. ಅವು ಒಳ್ಳೆಯತನದ ಪ್ರಮಾಣಪತ್ರಗಳಾಗಲಾರವು, ಅಷ್ಟೇ.

ಇದರಿಂದ ಗುರುಗಳ ಸೇವೆಗೆ ಮೂರು ಮಾತುಗಳು ಹೊಮ್ಮುತ್ತವೆ. ಮೊದಲನೆಯದಾಗಿ, ಪ್ರಕಟನಾ ಗ್ರಂಥದ ವಾಚನಗಳ ಮೇಲೆ ಪ್ರಬೋಧನೆ ಮಾಡುವಾಗ ಜಗದಂತ್ಯದ ಭಯವನ್ನು ಬಿತ್ತದೆ, ಯಾವ ಮುಸುಕು ಸರಿಯುತ್ತಿದೆ ಎಂದು ಕೇಳೋಣ. ಆ ಗ್ರಂಥದಲ್ಲಿ ಪತನವಾಗುವ ಬಾಬಿಲೋನ್ ಕಾಡಲ್ಲ, ಸರಕು ತುಂಬಿದ ಮಹಾನಗರ, ಮತ್ತು ಅದರ ಸರಕುಪಟ್ಟಿಯ ಕೊನೆಯಲ್ಲಿ ಮನುಷ್ಯಜೀವಗಳಿವೆ (18:13). ಎರಡನೆಯದಾಗಿ, ‘ಕಾಡುಜನರನ್ನು ನಾಗರಿಕರನ್ನಾಗಿ ಮಾಡುವುದು’ ಎಂಬ ಮಾತನ್ನು ಶುಭಸಂದೇಶ ಪ್ರಸಾರದ ಗುರಿಯಾಗಿ ಬಳಸುವುದನ್ನು ಕೈಬಿಡೋಣ. ಕೊಲೊಸ್ಸೆಯರಿಗೆ ಬರೆದ ಪತ್ರದಲ್ಲಿ (3:11) ಸಂತ ಪೌಲರು ಬಾರ್ಬರೋಸ್ ಎಂಬ ಭೇದವನ್ನು ಕ್ರಿಸ್ತರಲ್ಲಿ ರದ್ದುಗೊಳಿಸುತ್ತಾರೆ. ಬಾರ್ಬರೋಸ್ ಮೊದಲು ಗ್ರೀಕನಾಗಲಿ ಎಂದು ಕೇಳುವುದಿಲ್ಲ. ಮೂರನೆಯದಾಗಿ, ಹಳಿಯಾಳದ ಸಿದ್ದಿ ಅಜ್ಜಿಯಿಂದ, ರಾಮನಗರದ ನಿರ್ವಸಿತ ರೈತನಿಂದ, ಮುಂಡಗೋಡಿನ ವೃದ್ಧ ಭಿಕ್ಷುವಿನಿಂದ ಕೇಳಿ ಕಲಿಯುವುದನ್ನು ನಮ್ಮ ಗುರುವಿದ್ಯಾರ್ಥಿಗಳ ಪಾಲನಾ ತರಬೇತಿಯ ಭಾಗವಾಗಿಸೋಣ. ಜಗತ್ತು ಅಳಿದ ಮೇಲೆ ಬದುಕುವುದು ಹೇಗೆಂಬುದನ್ನು ಅವರು ಬಲ್ಲರು.

ಮಾಲ್ಟಾದ ವೃತ್ತಾಂತದಲ್ಲಿ ಸಂತ ಪೌಲರ ಕೆಲಸ ಯಾವುದೆಂಬುದನ್ನು ಕೊನೆಗೆ ಗಮನಿಸಬೇಕು. ಬೆಂಕಿ ಹೊತ್ತಿಸಿದವರು ದ್ವೀಪದ ಜನರು. ಪ್ರೇಷಿತರು ಅಲ್ಲಿ ಮೊದಲು ಮಾಡಿದ್ದು ಪ್ರಬೋಧನೆಯಲ್ಲ. ಒಣಗಿದ ಕಟ್ಟಿಗೆಯ ಒಂದು ಹೊರೆಯನ್ನು ಆಯ್ದು ತಂದು ಅವರ ಬೆಂಕಿಗೆ ಹಾಕಿದ್ದು (28:3). ಕಾಳಿ ಕಣಿವೆಯ ಧರ್ಮಕೇಂದ್ರಗಳಿಗೆ ಹೋಗುವ ಹೊಸ ಗುರುಗಳಿಗೆ ಅದಕ್ಕಿಂತ ಒಳ್ಳೆಯ ಆರಂಭ ಬೇಕಿಲ್ಲ.